ಸ್ಟೆಪ್ನಿಯ ಗುಂಡಿಯಲ್ಲಿ ಸಂಗೀತ

ಮೊದಲೇ ಒಂದು ತಪ್ಪೊಪ್ಪಿಗೆ. ಕಾರಿನಲ್ಲಿ ಸಬ್‌ವೂಫರ್ ಇಡುವವರೆಲ್ಲ ಊರಿನ ನಿದ್ದೆ ಕೆಡಿಸುವ ಪುಂಡರೆಂದು ಬಹುಕಾಲ ನಂಬಿದ್ದೆ. ಕಾರು ತಿರುವಿಗೆ ಬರುವ ಮೊದಲೇ ನಮ್ಮ ಮನೆಯ ಕಿಟಕಿಯ ಗಾಜು ಅದರ ಆಗಮನವನ್ನು ಸಾರುತ್ತಿದ್ದುದರಿಂದ ಆ ನಂಬಿಕೆಗೆ ಆಧಾರವೂ ಇತ್ತು. ಅದನ್ನು ಸಡಿಲಿಸಿದವನು ನನ್ನ ಸೋದರಳಿಯ. ಅವನ ಆಲ್ಟೊ 800ರಲ್ಲಿ ಒಂದು ಕಛೇರಿಯ ಧ್ವನಿಮುದ್ರಣ ಕೇಳುತ್ತಿದ್ದಾಗ ಮೃದಂಗದ ಬಲಗಡೆಯ ನಾದವಷ್ಟೇ ಅಲ್ಲ, ರವೆ ಮೆತ್ತಿದ ಎಡಗಡೆಯ ಗುಂಕಾರವೂ ಎದೆಗೆ ತಾಗಿತು. ಅಷ್ಟು ವರ್ಷ ನನ್ನ ಕಾರಿನಲ್ಲಿ ಅರ್ಧ ಮೃದಂಗವನ್ನಷ್ಟೇ ಕೇಳಿದ್ದೆನೆಂದು ಅಂದು ತಿಳಿಯಿತು. "ಎಲ್ಲಿಟ್ಟಿದ್ದೀಯಪ್ಪಾ ಅದನ್ನು?" ಎಂದೆ. "ನೀವೇ ಹುಡುಕಿ ಮಾವ" ಎಂದು ನಕ್ಕ. ಡಿಕ್ಕಿ ತೆರೆದು ನೋಡಿದರೆ ಚೀಲ ಇಡುವ ಜಾಗ ಮೊದಲಿನಂತೆಯೇ ಖಾಲಿ. ಸೋತೆನೆಂದು ಒಪ್ಪಿಕೊಂಡೆ.

ಕಿವಿಯಿಂದ ಪತ್ತೆಹಚ್ಚಲು ಆಗದಿದ್ದುದಕ್ಕೆ ಕಾರಣ ನನ್ನ ವಯಸ್ಸಲ್ಲ. ಶಬ್ದ ಯಾವ ದಿಕ್ಕಿನಿಂದ ಬಂತೆಂಬುದನ್ನು ನಾವು ತಿಳಿಯುವುದು ಅದು ಎರಡು ಕಿವಿಗಳನ್ನು ತಲುಪುವಲ್ಲಿನ ಅಲ್ಪ ವ್ಯತ್ಯಾಸದಿಂದ. 50 ಹರ್ಟ್ಸ್ ಶಬ್ದದ ತರಂಗ ಸುಮಾರು 7 ಮೀಟರ್ ಉದ್ದ, ಅಂದರೆ ಆ ಕಾರಿನ ಎರಡರಷ್ಟು. ಅದರ ಮುಂದೆ ಕಿವಿಗಳ ನಡುವಿನ ಗೇಣುದ್ದ ಯಾವ ಲೆಕ್ಕ? ಸರಿಸುಮಾರು 80 ಹರ್ಟ್ಸ್‌ನಿಂದ ಕೆಳಗಿನ ನಾದವನ್ನು ಎಲ್ಲಿಂದ ಹೊರಡಿಸಿದರೂ ಮುಂದಿನ ಸ್ಪೀಕರುಗಳಿಂದಲೇ ಬಂದಂತೆ ತೋರುತ್ತದೆ. ಆ ಮಿತಿಯನ್ನು 150ಕ್ಕೆ ಏರಿಸಿದಿರೋ, ಗುಟ್ಟು ರಟ್ಟು. ಗಾಯಕರ ಕಂಠದ ಒಂದು ಪಾಲು ಹಿಂದಿನಿಂದ ಬರತೊಡಗುತ್ತದೆ.

ಬಚ್ಚಿಡುವುದು ಸುಲಭ, ಜಾಗ ಹುಡುಕುವುದೇ ಕಷ್ಟ. ನಾದ ಒಂದು ಸ್ಥಾಯಿ ಕೆಳಗಿಳಿದಾಗ ಅಷ್ಟೇ ಜೋರಾಗಿ ಕೇಳಿಸಬೇಕಾದರೆ ನಾಲ್ಕರಷ್ಟು ಗಾಳಿಯನ್ನು ಅಲುಗಿಸಬೇಕು. ಅದಕ್ಕೆ ದೊಡ್ಡ ಕೋನ್ ಬೇಕು, ಕೋನಿನ ಹಿಂದೆ ಗಾಳಿ ತುಂಬಿದ ಪೆಟ್ಟಿಗೆ ಬೇಕು. (ಗಣಿತದ ಮೇಷ್ಟ್ರ ಚಟ, ಕ್ಷಮಿಸಿ.) ಪ್ರತಿ ಬದಿಯೂ 35 ಸೆಂ.ಮೀ. ಇರುವ ಪೆಟ್ಟಿಗೆಯನ್ನು 18 ಮಿ.ಮೀ. ಹಲಗೆಯಿಂದ ಮಾಡಿದರೆ ಹೊರಗಿನ ಗಾತ್ರ ಸುಮಾರು 43 ಲೀಟರ್, ಒಳಗೆ ಉಳಿಯುವುದು 31 ಮಾತ್ರ. 12 ಲೀಟರನ್ನು ಹಲಗೆಯೇ ನುಂಗಿತು! ಆಲ್ಟೊ 800ರ ಡಿಕ್ಕಿ ಇರುವುದೇ 177 ಲೀಟರ್; ಅದರ ಕಾಲುಭಾಗ ಹೋಯಿತು. ಹೀಗಾಗಿ ನಮ್ಮ ಹುಡುಗ ಡಿಕ್ಕಿಯ ತಳದ ಹಲಗೆ ಎತ್ತಿ, ಸ್ಟೆಪ್ನಿಯನ್ನು ಹೊರತೆಗೆದು, ಆ ಗುಂಡಿಯಲ್ಲಿ ಸಂಗೀತವನ್ನು ಹೂತಿದ್ದ.

ಸ್ಟೆಪ್ನಿ ಎಂಬುದು ನಮ್ಮವರು ನುಡಿದು ಸವೆಸಿದ ಹೆಸರಾದರೂ ಮೂಲತಃ ವೇಲ್ಸ್ ದೇಶದ ಲನೆಲ್ಲಿ ಪಟ್ಟಣದ ಒಂದು ಬೀದಿಯದು. 1904ರಲ್ಲಿ ಅಲ್ಲಿಯ ಡೇವಿಸ್ ಸಹೋದರರು ಹೆಚ್ಚುವರಿ ಚಕ್ರವನ್ನು ತಯಾರಿಸತೊಡಗಿದರು. ಒಂದು ಬೀದಿಯ ಹೆಸರು ಹೀಗೆ ನೂರು ವರ್ಷ ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಉಳಿದಿರುವುದಕ್ಕೆ ಏನಾದರೂ ಕಾರಣವಿರಬೇಕಲ್ಲವೇ?

ಆ ಕಾರಣ ನನಗೆ ಅರಿವಾದದ್ದು 2022ರ ಡಿಸೆಂಬರಿನಲ್ಲಿ, ಚಾರ್ಮಾಡಿ ಘಾಟಿಯಲ್ಲಿ. ಧರ್ಮಸ್ಥಳಕ್ಕೆ ಹೊರಟಿದ್ದೆವು. ಒಂದು ತಿರುವಿನಲ್ಲಿ ಎದುರಿನ ಬಸ್ಸಿಗೆ ದಾರಿ ಬಿಡಲು ಅಂಚಿಗೆ ಸರಿದಾಗ ಚೂಪುಗಲ್ಲು ಟೈರಿನ ಪಕ್ಕವನ್ನು ಸೀಳಿತು. ಹುಡುಗನ ಬಳಿ ಪಂಕ್ಚರ್ ಕಿಟ್ಟಿತ್ತು, ಗಾಳಿ ತುಂಬುವ ಪುಟ್ಟ ಯಂತ್ರವೂ ಇತ್ತು. ಆದರೆ ಮೊಳೆ ಚುಚ್ಚಿದ ತೂತನ್ನು ಮುಚ್ಚುವ ಬತ್ತಿ ಪಕ್ಕದ ಸೀಳಿಗೆ ನಿಲ್ಲುವುದಿಲ್ಲ. "ಸ್ಟೆಪ್ನಿ ಎಲ್ಲೋ?" ಎಂದೆ. "ಮನೆಯ ಅಟ್ಟದ ಮೇಲಿದೆ ಮಾವ" ಎಂದ. ಮೊಬೈಲಿಗೆ ಸಿಗ್ನಲ್ ಇಲ್ಲ. ಸಕ್ಕರೆ ಕಾಯಿಲೆಯ ನನ್ನ ಪತ್ನಿಗೆ ಊಟದ ಹೊತ್ತು ಮೀರಿ ಕೈ ನಡುಗತೊಡಗಿತು. ಲಾರಿಯವರೊಬ್ಬರು ನಿಲ್ಲಿಸಿ, ತಮಗೆಂದು ತಂದಿದ್ದ ಬಾಳೆಹಣ್ಣನ್ನು ಅವಳಿಗೆ ಕೊಟ್ಟು, ಹರಿದ ಚಕ್ರದೊಡನೆ ಹುಡುಗನನ್ನು ಉಜಿರೆಗೆ ಕರೆದೊಯ್ದರು. ಅವನು ಹೊಸ ಟೈರಿನೊಡನೆ ಮರಳಲು ಮೂರು ಗಂಟೆ ಹಿಡಿಯಿತು. ಆ ಮೂರು ಗಂಟೆ ಹಿಂದಿನ ಸೀಟಿನಲ್ಲಿ ಕುಳಿತು, ಗುಂಡಿಯಲ್ಲಿ ಮೌನವಾಗಿದ್ದ ಆ ಯಂತ್ರವನ್ನು ಎಷ್ಟು ಶಪಿಸಿದೆನೋ!

ಹೊಸ ಕಾರುಗಳಲ್ಲಿ ಸ್ಟೆಪ್ನಿಯೇ ಕಡ್ಡಾಯವಲ್ಲ ಎಂದು ಅವನು ವಾದಿಸಿದ. ನಿಜ. 2020ರ ತಿದ್ದುಪಡಿಯ ಪ್ರಕಾರ ಟೈರಿನ ಒತ್ತಡವನ್ನು ಸದಾ ಅಳೆದು ಎಚ್ಚರಿಸುವ ವ್ಯವಸ್ಥೆಯೂ ದುರಸ್ತಿ ಕಿಟ್ಟೂ ಇದ್ದ ಕಾರಿಗೆ ಆ ವಿನಾಯಿತಿಯಿದೆ. ಅವನ ಹಳೆಯ ಕಾರಿನಲ್ಲಿ ಆ ವ್ಯವಸ್ಥೆ ಎಲ್ಲಿತ್ತು? ಇದ್ದಿದ್ದರೂ ಚೂಪುಗಲ್ಲಿಗೆ ಸರಕಾರದ ತಿದ್ದುಪಡಿ ಗೊತ್ತಿರುವುದಿಲ್ಲ.

ಆದ್ದರಿಂದ ಸಣ್ಣ ಕಾರಿನವರಿಗೆ ನನ್ನ ಸ್ಪಷ್ಟ ಅಭಿಪ್ರಾಯ ಇದು: ಬಚ್ಚಿಡುವುದಿದ್ದರೆ ಮುಂದಿನ ಸೀಟಿನ ಅಡಿಯಲ್ಲಿ ಬಚ್ಚಿಡಿ. ಆಂಪ್ಲಿಫೈಯರನ್ನೂ ಒಡಲಲ್ಲಿಟ್ಟುಕೊಂಡ 8 ಅಂಗುಲದ ತೆಳು ಸಬ್‌ವೂಫರುಗಳು ಅಲ್ಲಿಗೆಂದೇ ಬರುತ್ತವೆ. ತೀರ ಕೆಳಗಿನ ನಾದ ಅದಕ್ಕೆ ಎಟುಕುವುದಿಲ್ಲ, ಸಿನಿಮಾದ ಸ್ಫೋಟ ಸಪ್ಪೆಯಾಗುತ್ತದೆ. ಮೃದಂಗಕ್ಕೆ ಮಾತ್ರ ಧಾರಾಳವಾಗಿ ಸಾಕು. ಸ್ಟೆಪ್ನಿಯ ನಡುವಿನ ಪೊಳ್ಳಿನಲ್ಲೇ ಕೂರುವ ದುಂಡನೆಯವೂ ಇವೆ. ದೊಡ್ಡ ಚಕ್ರದ ಕಾರಿಗೆ ಅವು ಒಳ್ಳೆಯವೇ. ಮಲೆನಾಡಿನವರು ಮಳೆಗಾಲದ ಒದ್ದೆ ಕಾಲುಗಳನ್ನು ನೆನೆದು ಅದನ್ನು ನೆಲದಿಂದ ಒಂದಿಷ್ಟು ಎತ್ತರಿಸಿ ಕೂರಿಸಬೇಕು. ಸೀಟಿನಡಿಯ ಹಳದಿ ಕನೆಕ್ಟರಿಗೆ ಕೈ ಹಾಕಬಾರದು, ಅದು ಏರ್‌ಬ್ಯಾಗಿನದು.

ಇನ್ನೊಂದು ವಿಷಯದಲ್ಲಿ ಯಾವ ರಿಯಾಯಿತಿಯೂ ಇಲ್ಲ. 12 ವೋಲ್ಟಿನಿಂದ 150 ವ್ಯಾಟ್ ಪಡೆಯಲು 12 ಆಂಪಿಯರಿಗೂ ಹೆಚ್ಚು ವಿದ್ಯುತ್ತು ಹರಿಯಬೇಕೆಂದು ಹತ್ತನೆಯ ತರಗತಿಯಲ್ಲಿ ನಿಮಗೆ ನಾನೇ ಕಲಿಸಿದ್ದೇನೆ. ಬ್ಯಾಟರಿಯಿಂದ ಬರುವ ತಂತಿ ಲೋಹದ ಗೋಡೆಯನ್ನು ತೂರಿ ಒಳಬರುತ್ತದೆ. ಅಲ್ಲಿ ರಬ್ಬರಿನ ಕವಚವಿಲ್ಲದೆ ಉಜ್ಜಿ ಸವೆದರೆ ತಂತಿಯೇ ಒಲೆಯಾಗುತ್ತದೆ. ಫ್ಯೂಸನ್ನು ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಹಾಕಿಸಿ. ಸಬ್‌ವೂಫರಿನ ಪಕ್ಕದಲ್ಲಷ್ಟೇ ಹಾಕಿದರೆ ಆ ತಂತಿಗೆ ರಕ್ಷಣೆಯಿಲ್ಲ.

ನಮ್ಮ ಹುಡುಗ ಅದೇ ವಾರ ಎಲ್ಲವನ್ನೂ ಸೀಟಿನಡಿಗೆ ಬದಲಾಯಿಸಿಕೊಂಡ. ಸ್ಟೆಪ್ನಿಯೂ ಅಟ್ಟದಿಂದಿಳಿದು ತನ್ನ ಗುಂಡಿ ಸೇರಿತು. ಮೊನ್ನೆ ಮನೆಗೆ ಬಂದಾಗ ಎಡಗಡೆಯ ಗುಂಕಾರವನ್ನು ಮತ್ತೊಮ್ಮೆ ಕೇಳಿ ಸಂತೋಷಪಟ್ಟು, ಇಳಿಯುವಾಗ ಸುಮ್ಮನೆ ಕೇಳಿದೆ: "ಸ್ಟೆಪ್ನಿಗೆ ಗಾಳಿ ಹಿಡಿಸಿದ್ದೀಯಾ?" ಅವನು ತಲೆ ಕೆರೆದುಕೊಂಡ.