ಬರೆಯಲು ಬರುವುದಿಲ್ಲವೋ, ಕಲಿಸಲಿಲ್ಲವೋ?

"ಗಡಿನಾಡಿನ ಮಕ್ಕಳಿಗೆ ವಿಷಯ ಗೊತ್ತಿದೆ, ಬರೆಯಲಿಕ್ಕೆ ಮಾತ್ರ ಬರುವುದಿಲ್ಲ." ಪಿಎಚ್‌ಡಿ ಮಾಡುತ್ತಿರುವ ನಮ್ಮ ಹುಡುಗ ಹುಡುಗಿಯರು ಈ ಮಾತು ಕೇಳಿ ಕೇಳಿ ಸೋತಿದ್ದಾರೆ. ಹಾಗೆ ಹೇಳುವವರಿಗೆ ನಮ್ಮದೊಂದೇ ಪ್ರಶ್ನೆ: ನೀವು ಕಲಿಸಿದ್ದು ಯಾವಾಗ ಸ್ವಾಮೀ?

ಒಂದನೇ ಕ್ಲಾಸಿನಿಂದ ಎಂಎವರೆಗೆ ನಮಗೆ ಕಲಿಸಿದ್ದು ಪರೀಕ್ಷೆಗೆ ಉತ್ತರ ಬರೆಯುವುದನ್ನು. ನೋಟ್ಸ್ ಬಾಯಿಪಾಠ ಮಾಡು, ಪುಟ ತುಂಬಿಸು, ಮಾರ್ಕು ತಗೋ. ಅದೇ ಕೈ ಪಿಎಚ್‌ಡಿಗೆ ಸೇರಿದ ಕೂಡಲೇ ವಾದ ಕಟ್ಟಬೇಕು, ಆಧಾರ ಕೊಡಬೇಕು, ಬೇರೆಯವರ ಮಾತು ಎಲ್ಲಿ ಮುಗಿಯಿತು, ತನ್ನ ಮಾತು ಎಲ್ಲಿ ಶುರುವಾಯಿತು ಅಂತ ತೋರಿಸಬೇಕು. ಇದೇನು ಹುಟ್ಟಿನಿಂದ ಬರುವ ವಿದ್ಯೆಯೇ?

ನಿಯಮ ಇಲ್ಲವೆಂದಲ್ಲ. ಯುಜಿಸಿಯ 2022ರ ಪಿಎಚ್‌ಡಿ ನಿಯಮಾವಳಿಯಲ್ಲಿ ಕನಿಷ್ಠ 12 ಕ್ರೆಡಿಟ್‌ನ ಕೋರ್ಸ್‌ವರ್ಕ್ ಇದೆ. ಯಾವ ವಿಷಯದವರೇ ಆಗಲಿ, ಬೋಧನೆ, ಬರವಣಿಗೆಗಳಲ್ಲಿ ತರಬೇತಿ ಪಡೆಯಬೇಕು ಅಂತಲೂ ಇದೆ. ಆದರೆ ಎಷ್ಟೋ ಕಡೆ ಕೋರ್ಸ್‌ವರ್ಕ್ ಅಂದರೆ ಸಂಶೋಧನಾ ವಿಧಾನದ ವ್ಯಾಖ್ಯೆಗಳು ಮತ್ತು ಒಂದು ಪರೀಕ್ಷೆ, ಅಷ್ಟೇ. ಕಲಿಸುವ ನಿಯಮ ಕಾಗದದಲ್ಲಿ ಉಳಿಯುತ್ತದೆ, ಶಿಕ್ಷೆಯ ನಿಯಮ ಮಾತ್ರ ತಪ್ಪದೆ ಬರುತ್ತದೆ. ಕೃತಿಚೌರ್ಯದ ಬಗ್ಗೆ 2018ರಲ್ಲಿ ಬಂದ ನಿಯಮದ ಪ್ರಕಾರ ಹೋಲಿಕೆ ಶೇ. 10 ದಾಟಿದರೆ ತಿದ್ದಿ ಕೊಡಬೇಕು, ಶೇ. 60 ದಾಟಿದರೆ ನೋಂದಣಿಯೇ ರದ್ದು. ಕದಿಯುವುದು ತಪ್ಪು, ಒಪ್ಪಿದೆವು. ಆದರೆ ಉಲ್ಲೇಖ ಹೇಗೆ ಮಾಡಬೇಕೆಂದು ಹೇಳಿಕೊಡದೆ ಬೆತ್ತ ಹಿಡಿದು ನಿಂತರೆ ಹೇಗೆ?

ಕಾಸರಗೋಡಿನ ನಮ್ಮ ಸಂಶೋಧಕಿಯನ್ನು ನೋಡಿ. ಅಜ್ಜಿಯರ ಜೊತೆ ಮಾತು ತುಳುವಿನಲ್ಲಿ, ಪಂಚಾಯತಿನ ಕಡತ ಮಲಯಾಳದಲ್ಲಿ, ಸಿದ್ಧಾಂತದ ಪುಸ್ತಕ ಇಂಗ್ಲಿಷಿನಲ್ಲಿ, ಪ್ರಬಂಧ ಕನ್ನಡದಲ್ಲಿ. ನಾಲ್ಕು ಭಾಷೆಗಳನ್ನು ಒಂದು ಪುಟಕ್ಕೆ ಇಳಿಸುವವಳಿಗೆ "ನಿನ್ನ ಭಾಷೆ ವೀಕು" ಅನ್ನುತ್ತೀರಲ್ಲ! ಇದು ಕೊರತೆಯಲ್ಲ ಮಾರ್ರೇ, ಬಂಡವಾಳ. ಬಿಎ ಪೂರ್ತಿ ಮಾಡದ ಮಂಜೇಶ್ವರದ ಗೋವಿಂದ ಪೈಗಳು ಹಲವು ಭಾಷೆ ಕಲಿತು ಕನ್ನಡದಲ್ಲಿ ಸಂಶೋಧನಾ ಲೇಖನ ಬರೆದದ್ದು ಇದೇ ಮಣ್ಣಿನಲ್ಲಿ.

ಈಗ ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ಹೋರಾಟದವರಾದ ನಾವು ಮಕ್ಕಳಿಗೆ ಘೋಷಣೆ ಕಲಿಸಿದೆವು, ವಾಕ್ಯ ಕಲಿಸಲಿಲ್ಲ. "ಕಾಸರಗೋಡಿನಲ್ಲಿ ಕನ್ನಡ ಸಾಯುತ್ತಿದೆ" ಅನ್ನುವುದು ಘೋಷಣೆ. ಯಾವ ಶಾಲೆ, ಯಾವ ವರ್ಷದಿಂದ ಯಾವ ವರ್ಷಕ್ಕೆ, ಒಂದನೇ ತರಗತಿಗೆ ಎಷ್ಟು ಮಕ್ಕಳು ಕಡಿಮೆಯಾದರು, ದಾಖಲೆ ಎಲ್ಲಿದೆ, ಊರು ಬಿಟ್ಟು ಹೋದವರೆಷ್ಟು, ಇಂಗ್ಲಿಷ್ ಮೀಡಿಯಂಗೆ ಹೋದವರೆಷ್ಟು? ಇಷ್ಟಕ್ಕೂ ಉತ್ತರ ಇದ್ದರೆ ಅದು ಸಂಶೋಧನೆ. 1967ರ ಮಹಾಜನ ವರದಿ ಚಂದ್ರಗಿರಿಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಲಿ ಅಂದಿತು ಎಂದು ವೇದಿಕೆಯಲ್ಲಿ ಎಲ್ಲರೂ ಹೇಳುತ್ತೇವೆ. ಆ ವರದಿಯನ್ನು ಓದಿ, ಎದುರು ವಾದವನ್ನೂ ಮುಂದಿಟ್ಟುಕೊಂಡು ಬರೆಯಬಲ್ಲವರು ನಮ್ಮಲ್ಲಿ ಎಷ್ಟು ಜನ? ಆಯೋಗಗಳು, ಕೋರ್ಟುಗಳು ಕೇಳುವುದು ಕೂಗನ್ನಲ್ಲ, ದಾಖಲೆಯನ್ನು. ನಮ್ಮ ನೋವಿಗೂ ಅಡಿಟಿಪ್ಪಣಿ ಬೇಕು.

ಹಾಗಾಗಿ ವಿಶ್ವವಿದ್ಯಾಲಯಗಳಿಗೆ ನಮ್ಮ ಒತ್ತಾಯ: ಬರವಣಿಗೆಯ ತರಬೇತಿ ಮೊದಲ ವರ್ಷವೇ ಶುರುವಾಗಲಿ, ಕನ್ನಡದಲ್ಲೂ ಇರಲಿ. ಮಾರ್ಗದರ್ಶಕರು ಅಧ್ಯಾಯಕ್ಕೆ ಕೆಂಪು ಗೀಟು ಎಳೆದು ವಾಪಸ್ ಕೊಟ್ಟರೆ ಸಾಲದು, ಏಕೆ ಎಳೆದರೆಂದು ಕೂರಿಸಿ ಹೇಳಲಿ.

ಸಂಶೋಧಕರೇ, ನೀವೂ ಕಾಯುತ್ತಾ ಕೂರಬೇಡಿ. ಎಲ್ಲಾ ಓದಿ ಮುಗಿಸಿ ಕೊನೆಗೆ ಬರೆಯುತ್ತೇವೆ ಅನ್ನುವವರು ಕೊನೆಗೂ ಬರೆಯುವುದಿಲ್ಲ. ವಾರಕ್ಕೆ ಎರಡು ಪುಟ ಬರೆಯಿರಿ. ಓದಿದ ದಿನವೇ ಪುಟಸಂಖ್ಯೆ ಗುರುತು ಹಾಕಿಕೊಳ್ಳಿ. ನಾಲ್ಕು ಜನ ಸೇರಿ ಒಬ್ಬರದನ್ನೊಬ್ಬರು ಓದಿ, ಮುಲಾಜಿಲ್ಲದೆ ತಿದ್ದಿ. ದುಡ್ಡು ಕೊಟ್ಟು ಪ್ರಬಂಧ ಬರೆಸಿಕೊಳ್ಳುವ ದಾರಿಗೆ ಮಾತ್ರ ಹೋಗಬೇಡಿ. ಅಲ್ಲಿ ಸಿಗುವುದು ಡಾಕ್ಟರ್ ಅನ್ನುವ ಹೆಸರು, ಬರವಣಿಗೆಯಲ್ಲ.

ಸೋಲಾಪುರ, ಆದೋನಿ, ತಾಳವಾಡಿ, ಹೊಸೂರು: ಎಲ್ಲಿದ್ದರೂ ಸರಿ, ನಮ್ಮ ಕಥೆಯನ್ನು ನಾವೇ ಆಧಾರ ಸಮೇತ ಬರೆಯದಿದ್ದರೆ ಬೇರೆಯವರು ಬರೆಯುತ್ತಾರೆ. ಆಗ ಅದರಲ್ಲಿ ನಾವು ಇರುವುದಿಲ್ಲ.