ಪಾಲಿಹೌಸ್ ಹಾಳೆಯಲ್ಲಿನ ಯುವಿ-328: ಜಾಗತಿಕ ನಿರ್ಬಂಧ ಮತ್ತು ನಮ್ಮ ಕೃಷಿ

ಪಾಲಿಹೌಸ್ ಹಾಳೆ, ನೆರಳು ಪರದೆ ಹಾಗೂ ಮಲ್ಚಿಂಗ್ ಶೀಟ್‌ಗಳು ಇಂದು ತೋಟಗಾರಿಕೆಯ ಅವಿಭಾಜ್ಯ ಅಂಗಗಳಾಗಿವೆ. ಸಾಮಾನ್ಯ ಪಾಲಿಥೀನ್ ಹಾಳೆಯು ಬಿಸಿಲಿನ ನೇರಳಾತೀತ ಕಿರಣಗಳಿಗೆ ಸಿಲುಕಿ ಕೆಲವೇ ತಿಂಗಳುಗಳಲ್ಲಿ ಪೆಡಸಾಗಿ ಹರಿಯುತ್ತದೆ. ಇದನ್ನು ತಡೆಯಲು ತಯಾರಿಕೆಯ ಹಂತದಲ್ಲಿಯೇ ರಕ್ಷಕ ರಾಸಾಯನಿಕಗಳನ್ನು ಬೆರೆಸಲಾಗುತ್ತದೆ. ಇವುಗಳಲ್ಲಿ ಬೆಂಜೊಟ್ರಯಜೋಲ್ ಮತ್ತು ಬೆಂಜೊಫಿನೋನ್ ಗುಂಪಿನವು ಕಿರಣಗಳನ್ನು ಹೀರಿ ಶಾಖವಾಗಿ ಹೊರಹಾಕುತ್ತವೆ. ಚರ್ಮಕ್ಕೆ ಹಚ್ಚುವ ಸನ್‌ಸ್ಕ್ರೀನ್‌ಗಳಲ್ಲಿಯೂ ಇದೇ ತತ್ತ್ವ ಅಡಗಿದೆ.

ಬೆಂಜೊಟ್ರಯಜೋಲ್ ಗುಂಪಿಗೆ ಸೇರಿದ ಯುವಿ-328 ಎಂಬ ರಾಸಾಯನಿಕವನ್ನು 2023ರ ಮೇ ತಿಂಗಳಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿರ್ಮೂಲನಾ ಪಟ್ಟಿಗೆ ಸೇರಿಸಲಾಯಿತು. 2011ರಲ್ಲಿ ಎಂಡೋಸಲ್ಫಾನ್ ಸೇರಿದ್ದೂ ಇದೇ ಪಟ್ಟಿಗೆ. ಯುವಿ-328 ಸುಲಭವಾಗಿ ವಿಘಟನೆಗೊಳ್ಳುವುದಿಲ್ಲ, ಜೀವಿಗಳ ದೇಹದಲ್ಲಿ ಶೇಖರಗೊಳ್ಳುತ್ತದೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಯಕೃತ್ತು ಹಾಗೂ ಮೂತ್ರಪಿಂಡಗಳಿಗೆ ಹಾನಿ ಕಂಡುಬಂದಿದೆ. ಅದು ಪ್ಲಾಸ್ಟಿಕ್‌ನೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳದ ಕಾರಣ ನಿಧಾನವಾಗಿ ಹೊರಬರುತ್ತದೆ; ಹರಿದ ಪ್ಲಾಸ್ಟಿಕ್ ಚೂರುಗಳೊಂದಿಗೆ ದೂರದವರೆಗೂ ಸಾಗುತ್ತದೆ.

ವಾಹನಗಳ ಬಿಡಿಭಾಗ, ಕೈಗಾರಿಕಾ ಲೇಪನ ಮುಂತಾದ ಕೆಲವು ಬಳಕೆಗಳಿಗೆ ಕಾಲಮಿತಿಯ ವಿನಾಯಿತಿ ನೀಡಲಾಗಿದೆ. ಕೃಷಿ ಹಾಳೆಗಳು ಆ ವಿನಾಯಿತಿಯಲ್ಲಿಲ್ಲ. ಆದರೆ ಪಟ್ಟಿಗೆ ಹೊಸದಾಗಿ ಸೇರುವ ರಾಸಾಯನಿಕವು ಭಾರತವು ಪ್ರತ್ಯೇಕವಾಗಿ ಅನುಮೋದಿಸಿದ ನಂತರವೇ ನಮಗೆ ಕಡ್ಡಾಯವಾಗುತ್ತದೆ. ಆದ್ದರಿಂದ ಅಂತರರಾಷ್ಟ್ರೀಯ ನಿರ್ಧಾರವೊಂದರಿಂದಲೇ ನಮ್ಮ ಹೊಲಕ್ಕೆ ರಕ್ಷಣೆ ದೊರೆಯಿತೆಂದು ಭಾವಿಸಲಾಗದು.

ಇದರರ್ಥ ಎಲ್ಲ ಹಾಳೆಗಳೂ ಅಪಾಯಕಾರಿ ಎಂದಲ್ಲ. ಕಪ್ಪು ಮಲ್ಚಿಂಗ್ ಶೀಟ್ ಮತ್ತು ಹನಿ ನೀರಾವರಿ ಕೊಳವೆಗಳಿಗೆ ಮುಖ್ಯವಾಗಿ ರಕ್ಷಣೆ ನೀಡುವುದು ಇಂಗಾಲದ ಕಪ್ಪು ಪುಡಿ. ಪಾರದರ್ಶಕ ಹಾಳೆಗಳಲ್ಲಿ ಅಮೈನ್ ಆಧಾರಿತ ಸ್ಥಿರಕಾರಿಗಳ ಬಳಕೆಯೂ ವ್ಯಾಪಕವಾಗಿದೆ. ಆದರೆ ಇವು ಗಂಧಕದ ಸಂಪರ್ಕದಿಂದ ಶಕ್ತಿಗುಂದುತ್ತವೆ. ದೊಣ್ಣೆ ಮೆಣಸಿನಕಾಯಿ ಹಾಗೂ ಗುಲಾಬಿಯ ಬೂದಿ ರೋಗಕ್ಕೆ ಪದೇ ಪದೇ ಗಂಧಕ ಬಳಸುವ ಪಾಲಿಹೌಸ್‌ಗಳಲ್ಲಿ ಹಾಳೆ ಅವಧಿಗೆ ಮುನ್ನವೇ ಹರಿಯಲು ಇದೂ ಒಂದು ಕಾರಣ.

ರೈತ ಬಾಂಧವರು ಗಮನಿಸಬೇಕಾದ ಅಂಶಗಳು:

• ಖರೀದಿಸುವಾಗ ಹಾಳೆಯಲ್ಲಿ ಯುವಿ-328 ಇಲ್ಲವೆಂಬ ಲಿಖಿತ ದೃಢೀಕರಣ ಕೇಳಿರಿ.
• ಬಾಳಿಕೆಯ ಖಾತರಿ ಹಾಗೂ ಗಂಧಕ ಬಳಕೆಯ ಮಿತಿಯನ್ನು ಬಿಲ್ಲಿನೊಂದಿಗೆ ಪಡೆದು ಕಾಯ್ದಿರಿಸಿ.
• ಗಂಧಕ ಸಿಂಪಡಿಸುವಾಗ ಹಾಳೆಗೆ ತಾಗದಂತೆ ಎಚ್ಚರ ವಹಿಸಿ.
• ಬೆಳೆ ಮುಗಿದೊಡನೆ ಮಲ್ಚಿಂಗ್ ಶೀಟನ್ನು ಚೂರಾಗುವ ಮೊದಲೇ ಪೂರ್ಣವಾಗಿ ಎತ್ತಿರಿ. ಉಳುಮೆಯಲ್ಲಿ ಮಣ್ಣಿಗೆ ಸೇರಿಸಬೇಡಿ, ಸುಡಬೇಡಿ.

ಹಾಳೆಯ ದಪ್ಪ ಮತ್ತು ದರವನ್ನು ವಿಚಾರಿಸುವಷ್ಟೇ ಸಹಜವಾಗಿ ಅದರಲ್ಲಿ ಬೆರೆತಿರುವುದೇನೆಂದು ವಿಚಾರಿಸುವುದೂ ರೂಢಿಯಾಗಬೇಕು. ವಿಸ್ತರಣಾ ಕಾರ್ಯಕರ್ತರು ರೈತರ ಗುಂಪುಗಳ ಮೂಲಕ ಒಟ್ಟಾಗಿ ಈ ಪ್ರಶ್ನೆ ಕೇಳಿಸಿದಲ್ಲಿ ಮಾರಾಟಗಾರರು ಉತ್ತರಿಸಲೇಬೇಕಾಗುತ್ತದೆ. ಹಾಳೆಯನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸಬಹುದು, ಮಣ್ಣನ್ನು ಬದಲಿಸಲಾಗದು.