ಕೂರಿಗೆಯ ಬಟ್ಟಲೂ ಹಸಿಮರವೂ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಗಳ ಖುಷ್ಕಿ ಹೊಲಗಳಲ್ಲಿ ಮಳೆಯಾದ ಮೇಲೆ ಬಿತ್ತನೆಯ ಹದವು ಬಹುಕಾಲ ನಿಲ್ಲತಕ್ಕದ್ದಲ್ಲ. ಅಂತಹ ದಿನ ಬೆಳಗ್ಗೆ ಎತ್ತು ಹೂಡಿದ ಮೇಲೆ ಕೂರಿಗೆಯ ಬಟ್ಟಲು ಸೀಳಿರುವುದು ಕಂಡುಬಂದರೆ ಒಕ್ಕಲುಮಗನ ಗತಿಯೇನು? ತಂತಿ ಬಿಗಿದು, ಬಿರುಕಿಗೆ ಸೆಗಣಿ ಮೆತ್ತಿ ಹೇಗೋ ಆ ದಿನದ ಕೆಲಸವನ್ನು ಸಾಗಿಸುವನು. ಆದರೆ ಬಟ್ಟಲು ವಕ್ರವಾದೊಡನೆ ತಳದ ರಂಧ್ರಗಳಿಗೆ ಬೀಜವು ಸಮನಾಗಿ ಹಂಚಿಕೆಯಾಗದು; ಬಿದಿರಿನ ಕೊಳವೆಗಳು ಸಡಿಲವಾಗುವುವು. ಬೀಜ ಬಿಡುವ ಹೆಣ್ಣುಮಗಳ ಕೈ ಎಷ್ಟೇ ಪಳಗಿದ್ದರೂ ಒಂದು ಸಾಲು ದಟ್ಟವಾಗಿ ಮತ್ತೊಂದು ಸಾಲು ಬರಿದಾಗುವುದು. ಮೊಳಕೆ ಮೇಲಕ್ಕೆ ಬಂದಾಗ ಮಾತ್ರ ಇದು ತಿಳಿಯುವುದು. ಅಷ್ಟರಲ್ಲಿ ಹದವು ಹೋಗಿರುವುದು.

ಟ್ರ್ಯಾಕ್ಟರಿನ ಬಿತ್ತನೆ ಯಂತ್ರಗಳು ಬಂದಿರುವಾಗ ಈ ಮಾತೇಕೆಂದು ಕೆಲವರು ಕೇಳಬಹುದು. ಎತ್ತಿನ ಕೂರಿಗೆಯನ್ನೇ ನಂಬಿದ ಸಣ್ಣ ಹಿಡುವಳಿದಾರರು ಈಗಲೂ ಇರುವರು. ಹದದ ದಿನ ಬಾಡಿಗೆಯ ಟ್ರ್ಯಾಕ್ಟರು ಎಲ್ಲರ ಹೊಲಕ್ಕೂ ಒಮ್ಮೆಗೇ ಬಾರದೆಂಬುದನ್ನು ದೊಡ್ಡ ಜಮೀನುದಾರರೂ ಬಲ್ಲರು.

ಬಟ್ಟಲು ಸೀಳಿದರೆ ಬಡಗಿಯನ್ನು ಬಯ್ಯುವುದು ವಾಡಿಕೆ. ಆದರೆ ದೋಷವು ಬಹುಮಟ್ಟಿಗೆ ಕೊಳ್ಳುವವರದು. ಮೋಡ ಕಟ್ಟಿದ ಮೇಲೆ ಬಡಗಿಯ ಮನೆಗೆ ಓಡಿ, ವಾರದೊಳಗೆ ಬಟ್ಟಲು ಬೇಕೆಂದರೆ ಅವನು ಕೈಗೆ ಸಿಕ್ಕಿದ ಹಸಿಮರವನ್ನೇ ಕೆತ್ತಬೇಕಾಗುವುದು. ಮರವನ್ನು ಕೊಂಡು ವರ್ಷಕಾಲ ಒಣಗಲು ಬಿಡುವಷ್ಟು ಬಂಡವಾಳವು ಅವನಲ್ಲಿಲ್ಲ.

ಹಸಿಮರದ ನಾಳಗಳ ಪೊಳ್ಳಿನಲ್ಲಿರುವ ನೀರು ಮೊದಲು ಹೋಗುವುದು. ಅದರಿಂದ ಮರವು ಕುಗ್ಗದು. ತೇವವು ಒಣಮರದ ತೂಕದ ಶೇಕಡ ೩೦ರ ಸಮೀಪಕ್ಕೆ ಇಳಿದ ಮೇಲೆ ನಾರಿನ ಗೋಡೆಯಲ್ಲಿರುವ ನೀರು ಹೊರಡತೊಡಗಿ, ಆಗ ಕುಗ್ಗುವಿಕೆಯು ಆರಂಭವಾಗುವುದು. ಬಳೆಗಳ ಗುಂಟ ಆಗುವ ಕುಗ್ಗುವಿಕೆಯು ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಎರಡರಷ್ಟು. ದುಂಡಗೆ ಕಡೆದ ಬಟ್ಟಲು ಒಣಗಿ ಅಂಡಾಕಾರ ತಾಳುವುದಕ್ಕೆ ಇದೇ ಕಾರಣ. ಇದನ್ನು ತಡೆಯಲಾಗದು, ಬಟ್ಟಲನ್ನು ಪೂರ್ಣಗೊಳಿಸುವುದಕ್ಕೆ ಮೊದಲೇ ಆಗಿಹೋಗುವಂತೆ ಮಾಡಬಹುದು.

ಅದಕ್ಕಾಗಿ ಪುಷ್ಯಮಾಸದ ಸುಮಾರಿಗೆ ಮರವನ್ನು ಕಡಿಸಿ, ನಡುತಿರುಳನ್ನು ಬಿಟ್ಟು ಸೀಳಿಸಿ, ಹಸಿಯಿರುವಾಗಲೇ ಬಟ್ಟಲನ್ನು ಒರಟಾಗಿ ಕಡೆಯಿಸತಕ್ಕದ್ದು. ಉಳಿಯಿಂದ ಕೆತ್ತಿದರೂ ಕಡಸಲಿಗೆ ಹಾಕಿದರೂ ನಿಯಮವೊಂದೇ: ಗೋಡೆಯ ದಪ್ಪವು ಅಡ್ಡಳತೆಯ ಹತ್ತನೆಯ ಒಂದು ಪಾಲಿರಲಿ. ಎಂಟು ಅಂಗುಲದ ಬಟ್ಟಲಿಗೆ ಮುಕ್ಕಾಲು ಅಂಗುಲಕ್ಕಿಂತ ತುಸು ಹೆಚ್ಚು ಸಾಕು. ಕೂರಿಗೆಯ ಬಟ್ಟಲಿನಲ್ಲಿ ಅಪಾಯವಿರುವುದು ತಳದಲ್ಲಿ. ಕೊಳವೆಗಳಿಗಾಗಿ ಅದು ದಪ್ಪವಾಗಿರಲೇಬೇಕು. ತೆಳುವಾದ ಗೋಡೆ ಬೇಗನೆ ಒಣಗಿ, ದಪ್ಪ ತಳವು ಹಸಿಯಾಗಿ ಉಳಿದರೆ ಅವೆರಡರ ನಡುವೆ ಸೀಳುವುದು. ತಳದ ರಂಧ್ರಗಳನ್ನು ಆಗಲೇ ಕಿರಿದಾಗಿ ಕೊರೆದಿಟ್ಟರೆ ಅದೂ ಒಳಗಿನಿಂದ ಆರುವುದು. ನಾರಿನ ತುದಿಗಳು ತೆರೆದಿರುವ ಎರಡು ಪಕ್ಕಗಳಿಂದ ನೀರು ಅತಿ ವೇಗವಾಗಿ ಹೊರಡುವುದರಿಂದ ಅಲ್ಲಿಗೆ ಮೇಣವನ್ನು ಕರಗಿಸಿ ಹಚ್ಚಬೇಕು. ಮೇಣವಿಲ್ಲದಿದ್ದರೆ ಸೆಗಣಿಯನ್ನೂ ಕೆಮ್ಮಣ್ಣನ್ನೂ ಕಲಸಿ ದಪ್ಪವಾಗಿ ಮೆತ್ತಬಹುದು.

ಹಿರಿಯೂರಿನ ಬೇಸಗೆಯ ಗಾಳಿಯು ಹಸಿಮರಕ್ಕೆ ಶತ್ರು. ಅಂಗಳದ ಬಿಸಿಲಿನಲ್ಲಾಗಲಿ, ಒಲೆಯ ಮೇಲಣ ಅಟ್ಟದಲ್ಲಾಗಲಿ ಬಟ್ಟಲನ್ನಿಟ್ಟರೆ ಕೆಲವೇ ದಿನಗಳಲ್ಲಿ ಬಾಯಿಬಿಡುವುದು. ಗಾಳಿಯಾಡದ ತಂಪಾದ ಕೋಣೆಯಲ್ಲಿ, ಗೋಣಿಚೀಲದೊಳಗೆ ಒಣಗಿದ ಮರದ ಸಿಪ್ಪೆಯ ನಡುವೆ ಮೊದಲ ಕೆಲವು ವಾರಗಳು ಇರಲಿ. ಸಿಪ್ಪೆ ತೇವವಾದರೆ ಬದಲಾಯಿಸದೆ ಬಿಡಬಾರದು, ಬೂಷ್ಟು ಹಿಡಿಯುವುದು. ಆಮೇಲೆ ಅಡಿಯಲ್ಲಿ ಕಡ್ಡಿಗಳನ್ನಿಟ್ಟು ಬೋರಲಾಗಿ ಜೋಡಿಸಬಹುದು. ಹದಿನೈದು ದಿನಗಳಿಗೊಮ್ಮೆ ತೂಗಿ, ತೂಕವನ್ನೂ ತಾರೀಖನ್ನೂ ತಳದ ಮೇಲೆಯೇ ಪೆನ್ಸಿಲಿನಿಂದ ಬರೆಯುತ್ತ ಬಂದು, ಸತತವಾಗಿ ಮೂರು ತೂಕಗಳು ಒಂದೇ ಆದಾಗ ಅಂತಿಮವಾಗಿ ಕಡೆಯಿಸತಕ್ಕದ್ದು. ತಕ್ಕಡಿ ಹೇಳುವುದಕ್ಕೆ ಮೊದಲೇ ಹರಳೆಣ್ಣೆ ಸವರುವವರುಂಟು. ಅದರಿಂದ ಒಣಗುವಿಕೆಯು ತಡವಾಗುವುದೇ ಹೊರತು ಬಟ್ಟಲು ಗಟ್ಟಿಯಾಗದು.

ಮರವನ್ನು ಕೆರೆಯಲ್ಲಿ ಮುಳುಗಿಸಿಡುವ ಹಳೆಯ ಪದ್ಧತಿಯಿಂದ ಹುಳುವಿನ ಕಾಟವು ತಗ್ಗುವುದು ನಿಜ. ಅದು ಒಣಗಿಸಿದಂತಾಗುವುದಿಲ್ಲ. ಮಲೆನಾಡಿನಲ್ಲಿ ಒಣಗಿತೆಂದು ತಂದ ಬಟ್ಟಲೂ ಈ ಬಯಲು ಸೀಮೆಯ ಗಾಳಿಗೆ ಮತ್ತೆ ಕುಗ್ಗುವುದುಂಟು. ಬಳಸುವ ಊರಿನಲ್ಲಿಯೇ ಒಣಗಿಸುವುದು ಉತ್ತಮ. ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ಕುಶಲಿಗಳು ಆಲೆಮರವನ್ನು ಮೊದಲು ಒಣಗಿಸಿ ಅನಂತರವೇ ಅರಗಿನ ಕೆಲಸಕ್ಕೆ ತೊಡಗುವರು. ಗೊಂಬೆಗೆ ತೋರುವ ಸಹನೆಯು ಕೂರಿಗೆಗೆ ಸಲ್ಲದೇಕೆ?

ಊರಿನ ಮುಖಂಡರೂ ಜಮೀನುದಾರರೂ ಮಾಡಬೇಕಾದುದು ಹೆಚ್ಚೇನೂ ಅಲ್ಲ. ಮುಂದಿನ ವರ್ಷಕ್ಕೆ ಬೇಕಾಗುವ ಬಟ್ಟಲುಗಳನ್ನು ಈ ವರ್ಷದ ಪುಷ್ಯದಲ್ಲಿಯೇ ಹೇಳಿ, ಅರ್ಧ ಬೆಲೆಯನ್ನು ಮುಂಗಡವಾಗಿ ಕೊಡತಕ್ಕದ್ದು. ಸ್ವಂತ ಹೊಲದ ಮರವಾದರೂ ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಮತಿ ಬೇಕಾದ ಜಾತಿಯೇ ಎಂಬುದನ್ನು ಮೊದಲು ವಿಚಾರಿಸಬೇಕು. ಮರ ಒಣಗಿಸುವ ವಿಷಯದಲ್ಲಿ ಸಲಹೆ ಬೇಕಾದವರಿಗೆ ಬೆಂಗಳೂರಿನಲ್ಲಿ ೧೯೩೮ರಲ್ಲಿ ಅರಣ್ಯ ಸಂಶೋಧನಾಲಯವಾಗಿ ಆರಂಭವಾಗಿ ಈಗ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಗಿರುವ ಕೇಂದ್ರವಿದೆ.

ಮುಂಗಡ ಪಡೆದ ಬಡಗಿಯು ಊರು ಬಿಟ್ಟರೆ ಏನು ಮಾಡುವುದೆಂಬ ಆಕ್ಷೇಪವುಂಟು. ಒರಟು ಬಟ್ಟಲನ್ನು ಹಣ ಕೊಟ್ಟವರ ಮನೆಯಲ್ಲಿಯೇ ಇರಿಸಿಕೊಂಡರೆ ಆ ಭಯವಿಲ್ಲ. ಬಡಗಿಗೆ ಉಳಿದ ಹಣವು ಸಲ್ಲುವುದು ಕೊನೆಯ ಕಡೆತ ಮುಗಿದ ದಿನ. ಆ ಕೆಲಸವನ್ನು ಅವನು ಬಾರದಿದ್ದರೆ ಪಕ್ಕದ ಊರಿನವನೂ ಮಾಡಬಲ್ಲನು.